ಹೊಸ ಶಾಸಕರಿಗೆ ಬಿಲ್ ಬ್ರ್ಯಾಂಡ್‌ನನ್ನು ಒಮ್ಮೆ ತೋರಿಸಿ: ಮಾನ್ಯ ಸಭಾಧ್ಯಕ್ಷರಿಗೆ ಬಹಿರಂಗ ಪತ್ರ

ಕರ್ನಾಟಕ ವಿಧಾನಸಭೆಯ ಮಾನ್ಯ ಸಭಾಧ್ಯಕ್ಷರಿಗೆ,

ನಮಸ್ಕಾರ. ನಾನು ದಾವಣಗೆರೆಯವನು. ಇಪ್ಪತ್ತೆರಡು ವರ್ಷ, ಬೇರೆ ಬೇರೆ ಪಕ್ಷದ ಇಬ್ಬರು ಶಾಸಕರ ಬಳಿ ಪಿಎ ಆಗಿದ್ದೆ. ಕಾಗದದ ಮೇಲೆ ಆಪ್ತ ಸಹಾಯಕ. ಬೆಳಗ್ಗೆ ಆರಕ್ಕೆ ಮನೆ ಮುಂದೆ ಸೇರುವ ಜನರ ಚೀಟಿ ಇಸಿದುಕೊಳ್ಳುವುದು, ವರ್ಗಾವಣೆಯ ಲೆಟರ್ ಟೈಪ್ ಮಾಡುವುದು, ಯಾರ ಮನೆ ಮದುವೆ, ಯಾರ ಮನೆ ತಿಥಿ, ಎಲ್ಲಿ ಗುದ್ದಲಿ ಪೂಜೆ ಎಂದು ಡೈರಿ ತುಂಬಿಸುವುದು ನನ್ನ ಕೆಲಸವಾಗಿತ್ತು. ಅಧಿವೇಶನ ಬಂದರೆ ಶಾಸಕರ ಭವನದ ಕೋಣೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆಗಳನ್ನು ಜೋಡಿಸಿ ಕೊಡುವುದೂ ಅದರಲ್ಲಿ ಸೇರಿತ್ತು.

ಕೋರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಚುನಾವಣೆ ಮುಗಿದು ಹೊಸಬರು ಗೆದ್ದು ಬಂದಾಗ ಸಚಿವಾಲಯ ಅವರಿಗೆ ತರಬೇತಿ ಶಿಬಿರ ಮಾಡುತ್ತದಲ್ಲ, ಮುಂದಿನ ಸಲದ ಶಿಬಿರದಲ್ಲಿ ಬ್ರಿಟನ್ನಿನ ಒಂದು ಹಳೆಯ ಟಿವಿ ಧಾರಾವಾಹಿಯನ್ನು ತೋರಿಸಿ. ಹೆಸರು ಬಿಲ್ ಬ್ರ್ಯಾಂಡ್. ಇಲ್ಲಿ ಬಿಲ್ ಎಂದರೆ ಮಸೂದೆಯಲ್ಲ ಸ್ವಾಮಿ, ಒಬ್ಬ ಮನುಷ್ಯನ ಹೆಸರು. ಹನ್ನೊಂದು ಕಂತು, ಒಂದೊಂದೂ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು. ನಿಯಮಾವಳಿಯ ಪುಸ್ತಕ ಕಲಿಸಲಾರದ ಒಂದು ಸಂಗತಿ ಅದರಲ್ಲಿದೆ.

ಅದು ನನ್ನ ಕೈಗೆ ಸಿಕ್ಕಿದ್ದು ಆಕಸ್ಮಿಕ. ಮಗಳು ಅಳಿಯ ಇರುವುದು ಮ್ಯಾಂಚೆಸ್ಟರ್ ಹತ್ತಿರದ ಒಂದು ಊರಿನಲ್ಲಿ. ಮೊಮ್ಮಗುವಿನ ಬಾಣಂತನಕ್ಕೆಂದು ಹೆಂಡತಿಯ ಜೊತೆ ಹೋದವನು, ಚಳಿಗಾಲದ ಸಂಜೆ ನಾಲ್ಕಕ್ಕೇ ಕತ್ತಲಾಗುವ ಆ ಊರಿನಲ್ಲಿ ಮಾಡಲು ಕೆಲಸವಿಲ್ಲದೆ ಕೂತಿದ್ದೆ. ನನ್ನ ಹಳೇ ಕಸುಬು ಗೊತ್ತಿದ್ದ ಅಳಿಯ ಹಳೇ ಸಾಮಾನಿನ ಅಂಗಡಿಯಿಂದ ಒಂದು ಡಿವಿಡಿ ಪೆಟ್ಟಿಗೆ ತಂದು, "ಮಾವ, ಇದು ನಿಮ್ಮ ಲೈನಿಂದು" ಎಂದು ಕೊಟ್ಟ. ಲ್ಯಾಂಕಾಷೈರ್ ಕಡೆಯ ಇಂಗ್ಲಿಷ್ ನನ್ನ ಕಿವಿಗೆ ಹತ್ತಲು ಮೊದಲ ಕಂತನ್ನು ಎರಡು ಸಲ ನೋಡಬೇಕಾಯಿತು.

ಥೇಮ್ಸ್ ಟೆಲಿವಿಷನ್ ಕಂಪನಿ ತಯಾರಿಸಿದ ಈ ಧಾರಾವಾಹಿ 1976ರ ಜೂನ್ 7ರಿಂದ ಆಗಸ್ಟ್ 16ರವರೆಗೆ ಐಟಿವಿಯಲ್ಲಿ ಸೋಮವಾರಗಳಂದು ಬಂತು. ಬರೆದವರು ಮ್ಯಾಂಚೆಸ್ಟರ್‌ನಲ್ಲೇ ಹುಟ್ಟಿದ ನಾಟಕಕಾರ ಟ್ರೆವರ್ ಗ್ರಿಫಿತ್ಸ್. ನಾಟಕಕ್ಕೆ ಬರುವುದು ಕೆಲವು ನೂರು ಜನ, ಟಿವಿ ಮುಂದೆ ಕೂರುವುದು ಲಕ್ಷಾಂತರ ಮಂದಿ, ಆದ್ದರಿಂದ ಎಡಪಂಥದ ಬರಹಗಾರ ಟಿವಿಯೊಳಗೆ ನುಗ್ಗಲೇಬೇಕು ಎಂದು ನಂಬಿದ್ದವರು ಅವರು. ಬಿಲ್ ಬ್ರ್ಯಾಂಡ್ ಆಗಿ ನಟಿಸಿದ್ದು ಜಾಕ್ ಶೆಫರ್ಡ್. ತಾಂತ್ರಿಕ ಕಾಲೇಜಿನ ಮೇಷ್ಟ್ರು. ಲೀಲಿ ಎಂಬ ಕಲ್ಪಿತ ಗಿರಣಿ ಊರಿನಲ್ಲಿ ಲೇಬರ್ ಪಕ್ಷದ ಟಿಕೆಟಿನ ಮೇಲೆ ಉಪಚುನಾವಣೆ ಗೆದ್ದು ಸಂಸತ್ತಿಗೆ ಹೋಗುತ್ತಾನೆ. ಆಡಳಿತದಲ್ಲಿರುವುದು ಅವನದೇ ಪಕ್ಷ, ಆದರೆ ಬಹುಮತ ಕೂದಲೆಳೆಯಷ್ಟು.

ಕಥೆ ಎಂದರೆ ಇಷ್ಟೇ. ಕೊಲೆಯಿಲ್ಲ, ಕಿಡ್ನ್ಯಾಪ್ ಇಲ್ಲ, ಕಪ್ಪುಹಣದ ಸೂಟ್‌ಕೇಸಿಲ್ಲ. ಒಬ್ಬ ಸಂಸದ ರೈಲು ಹತ್ತುತ್ತಾನೆ, ಸಮಿತಿಯಲ್ಲಿ ಕೂರುತ್ತಾನೆ, ಕ್ಷೇತ್ರಕ್ಕೆ ವಾಪಸು ಬಂದು ಪಕ್ಷದ ಕಾರ್ಯಕರ್ತರಿಂದ ಬೈಸಿಕೊಳ್ಳುತ್ತಾನೆ, ಮನೆಯಲ್ಲಿ ಹೆಂಡತಿಯ ಜೊತೆ ಮಾತು ಮುರಿದುಬೀಳುತ್ತದೆ, ಮತ್ತೆ ರೈಲು. ಇದನ್ನೇ ಹನ್ನೊಂದು ವಾರ ಜನ ನೋಡಿದರು. ನಮ್ಮ ಧಾರಾವಾಹಿಗಳಲ್ಲಿ ಶಾಸಕ ಎಂದರೆ ಗರಿಗರಿ ಬಿಳಿ ಬಟ್ಟೆ, ಹಿಂದೆ ನಾಲ್ಕು ಕಾರು, ನಾಯಕಿಯ ಜಮೀನಿನ ಮೇಲೆ ಕಣ್ಣು. ಶಾಸಕ ಕೂತು ಒಂದು ಕಾಗದ ಓದುವುದನ್ನು ನಾನು ಕನ್ನಡ ಟಿವಿಯಲ್ಲಿ ನೋಡಿದ ನೆನಪಿಲ್ಲ. ಟಿ.ಎನ್. ಸೀತಾರಾಂ ಅವರು ಕೋರ್ಟನ್ನು ನಮ್ಮ ಮನೆಯ ಹಾಲಿಗೆ ತಂದರು, ಅಷ್ಟು ಸಾವಧಾನವಾಗಿ ಸದನವನ್ನು ತಂದವರು ಯಾರಿದ್ದಾರೆ?

ಬ್ರಿಟನ್ನಿನ ರಾಜಕೀಯ ಧಾರಾವಾಹಿ ಎಂದರೆ ನಮ್ಮವರಿಗೆ ನೆನಪಾಗುವುದು 1980ರಲ್ಲಿ ಶುರುವಾದ ಯೆಸ್ ಮಿನಿಸ್ಟರ್. ಅದನ್ನು 2001ರಲ್ಲಿ ಹಿಂದಿಗೂ ತಂದರು, ಜೀ ಮಂತ್ರೀಜಿ ಎಂದು, ಫಾರೂಕ್ ಶೇಖ್ ಮಂತ್ರಿಯಾಗಿ. ಎರಡನ್ನೂ ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೇನೆ. ಆದರೆ ಅಲ್ಲಿ ಕಾರ್ಯದರ್ಶಿ ಜಾಣ, ಮಂತ್ರಿ ಪೆದ್ದ, ನೋಡುವವರು ಇಬ್ಬರಿಗಿಂತಲೂ ಜಾಣರು. ನಕ್ಕು ಟಿವಿ ಆರಿಸಿ ಮಲಗಬಹುದು. ಬ್ರ್ಯಾಂಡ್‌ನನ್ನು ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅದಕ್ಕೆ ಕಾರಣ ಎರಡು.

ಮೊದಲನೆಯದು ನನ್ನ ಅಪ್ಪ. ಮೂರನೆಯ ಕಂತಿನ ಹೆಸರು 'ಯಾರ್ನ್'. ನೂಲು ಎಂದೂ ಅರ್ಥ, ಹೊಸೆದ ಕಥೆ ಎಂದೂ ಅರ್ಥ. ಆ ಸೀಮೆಯ ಜವಳಿ ಕಸುಬು ಮುಳುಗುತ್ತಿರುವ ಕಾಲ. ಅಗ್ಗದ ಆಮದು ಬಟ್ಟೆಗೆ ತಡೆ ಹಾಕಿ ಎಂಬುದು ಗಿರಣಿ ಊರುಗಳ ಕೂಗು, ಸರ್ಕಾರಕ್ಕೆ ಅದರ ತಲೆನೋವು ಬೇಡ, ನಡುವೆ ಈ ಹೊಸ ಸಂಸದ. ನಮ್ಮಪ್ಪ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಪಾಳಿ ಮಾಡಿದವರು. ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ದಿನಗಳವು. ಬೆಳಗಿನ ಸೈರನ್ನಿಗೆ ಊರೇ ಎದ್ದು ಕೂರುತ್ತಿತ್ತು, ಅಪ್ಪನ ತಲೆಗೂದಲಲ್ಲಿ ಸದಾ ಅರಳೆಯ ಧೂಳು. ಆಮೇಲೆ ಒಂದೊಂದೇ ಗಿರಣಿಯ ಬಾಗಿಲು ಹಾಕಿತು. ಈಗ ಹೊರಗಿನವರಿಗೆ ನಮ್ಮೂರು ಎಂದರೆ ಬೆಣ್ಣೆ ದೋಸೆ.

ನಿಜವಾದ ಮ್ಯಾಂಚೆಸ್ಟರ್‌ನ ಮಗ್ಗುಲಲ್ಲಿ ಕೂತು ಆ ಕಂತು ನೋಡುವಾಗ ನನಗೆ ಒಂಥರಾ ಗೊಂದಲ. ಲ್ಯಾಂಕಾಷೈರ್‌ನವರು ಐವತ್ತರ ದಶಕದಿಂದಲೇ ತಡೆಯಿರಿ ಎನ್ನುತ್ತಿದ್ದ ಬಟ್ಟೆಯಲ್ಲಿ ನಮ್ಮ ದೇಶದ್ದೂ ಇತ್ತು. ಅದಕ್ಕೂ ಮೊದಲಿನ ನೂರೈವತ್ತು ವರ್ಷ ನಮ್ಮ ನೇಕಾರರ ಹೊಟ್ಟೆಯ ಮೇಲೆ ಹೊಡೆದದ್ದು ಅವರ ಗಿರಣಿಯ ಬಟ್ಟೆ. 1931ರಲ್ಲಿ ಗಾಂಧೀಜಿ ಅಲ್ಲಿನ ಡಾರ್ವೆನ್‌ಗೆ ಹೋದಾಗ, ಅವರ ಬಹಿಷ್ಕಾರದಿಂದ ಕೆಲಸ ಕಳೆದುಕೊಂಡಿದ್ದ ಗಿರಣಿ ಹೆಣ್ಣುಮಕ್ಕಳೇ ಅವರನ್ನು ಸುತ್ತುವರಿದು ಜೈಕಾರ ಹಾಕಿದ್ದರಂತೆ. ಆ ಫೋಟೊ ನೀವೂ ನೋಡಿರುತ್ತೀರಿ. ಯಾರ ಗಿರಣಿ ಯಾರಿಂದ ಮುಚ್ಚಿತು ಎಂದು ಲೆಕ್ಕ ಹಾಕುತ್ತಾ ಕೂತವನಿಗೆ ಒಂದು ಮಾತು ಮಾತ್ರ ಗಟ್ಟಿಯಾಗಿ ಹೊಳೆಯಿತು. ಅವರ ಗಿರಣಿ ಮುಚ್ಚುವಾಗ ಅದರ ಬಗ್ಗೆ ಪಾರ್ಲಿಮೆಂಟಿನಲ್ಲಿ ತನ್ನದೇ ಮಂತ್ರಿಯನ್ನು ಅಡ್ಡಗಟ್ಟಿ ಕೇಳುವ ಒಬ್ಬ ಸದಸ್ಯನನ್ನು ಟಿವಿಯವರು ಕಲ್ಪಿಸಿಕೊಂಡರು. ನಮ್ಮ ಗಿರಣಿಗಳಿಗೆ ಕಲ್ಪನೆಯಲ್ಲೂ ಅಂಥವನೊಬ್ಬ ಸಿಗಲಿಲ್ಲ.

ಎರಡನೆಯದು ವಿಪ್, ಅಂದರೆ ಸದನದಲ್ಲಿ ಹೀಗೇ ಮತ ಹಾಕಬೇಕೆಂದು ಪಕ್ಷ ಕೊಡುವ ಅಪ್ಪಣೆ. ನಿಮಗೆ ಬರೆಯಬೇಕು ಅನ್ನಿಸಿದ್ದೇ ಅದರಿಂದ.

ಎರಡನೆಯ ಕಂತಿನ ಹೆಸರು ಕೇಳಿ: 'ಹೀರೋ ಆಗಬೇಕಾ, ಹೋಗಿ ಒಂದು ಬಿಳಿ ಕುದುರೆ ತಗೊ'. ಗೆದ್ದು ಬಂದ ಹೊಸತರಲ್ಲೇ ಪಕ್ಷದ ಶಿಸ್ತಿಗೂ ತನ್ನ ನಿಲುವಿಗೂ ಹೊಂದದೆ ಬ್ರ್ಯಾಂಡ್ ಸಿಕ್ಕಿಕೊಳ್ಳುತ್ತಾನೆ. ಬ್ರಿಟನ್ನಿನ ವಿಪ್ ಎಂಬುದು ವಾರಕ್ಕೊಮ್ಮೆ ಬರುವ ಒಂದು ಕಾಗದ. ಮತದಾನದ ವಿಷಯದ ಕೆಳಗೆ ಒಂದು ಗೆರೆ ಎಳೆದಿದ್ದರೆ ಬನ್ನಿ ಎಂದರ್ಥ, ಎರಡಿದ್ದರೆ ಬರಲೇಬೇಕು, ಮೂರಿದ್ದರೆ ತಪ್ಪಿಸಿದರೆ ಜೋಕೆ. ಜೋಕೆ ಎಂದರೆ ಏನು? ಮುಖ್ಯ ಸಚೇತಕನ ಕೋಣೆಗೆ ಕರೆ, ಬೈಗುಳ, ಮಂತ್ರಿಗಿರಿಯ ಆಸೆಗೆ ಎಳ್ಳುನೀರು, ತೀರಾ ಹೆಚ್ಚಾದರೆ ಸಂಸದೀಯ ಪಕ್ಷದಿಂದ ಅಮಾನತು. ಸದಸ್ಯತ್ವ ಮಾತ್ರ ಎಲ್ಲೂ ಹೋಗುವುದಿಲ್ಲ. 2003ರ ಮಾರ್ಚ್‌ನಲ್ಲಿ ಇರಾಕ್ ಯುದ್ಧದ ಮತದಾನದಲ್ಲಿ 139 ಲೇಬರ್ ಸದಸ್ಯರು ತಮ್ಮದೇ ಪ್ರಧಾನಿಯ ವಿರುದ್ಧ ಮತ ಹಾಕಿದರು, ಮರುದಿನವೂ ಸದಸ್ಯರಾಗಿಯೇ ಬಂದು ಕೂತರು. 2024ರ ಜುಲೈನಲ್ಲಿ ಹೊಸ ಸರ್ಕಾರ ಬಂದ ಮೂರೇ ವಾರಕ್ಕೆ ಏಳು ಲೇಬರ್ ಸದಸ್ಯರು ಮಕ್ಕಳ ಭತ್ಯೆಯ ವಿಷಯದಲ್ಲಿ ಸರ್ಕಾರದ ವಿರುದ್ಧ ಹೋದರು. ಪಕ್ಷ ಅವರನ್ನು ಅಮಾನತು ಮಾಡಿತು, ಕ್ಷೇತ್ರದ ಜನ ಕೊಟ್ಟ ಕುರ್ಚಿಯನ್ನು ಮುಟ್ಟಲಾಗಲಿಲ್ಲ.

ನಮ್ಮಲ್ಲಿ ಹೇಗೆಂದು ನಿಮಗೆ ಹೇಳಬೇಕಾಗಿಲ್ಲ, ಆ ಪ್ರಕರಣಗಳಲ್ಲಿ ತೀರ್ಪು ಕೊಡುವವರೇ ನಿಮ್ಮ ಪೀಠದವರು. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯ, ಅಂದರೆ ಪಕ್ಷಾಂತರ ನಿಷೇಧ ಕಾಯ್ದೆಯ ಪ್ರಕಾರ ವಿಪ್ ಮೀರಿ ಮತ ಹಾಕಿದರೂ, ಸುಮ್ಮನೆ ಗೈರಾದರೂ, ಪಕ್ಷ ಹದಿನೈದು ದಿನದೊಳಗೆ ಮನ್ನಿಸದಿದ್ದರೆ ಸದಸ್ಯತ್ವಕ್ಕೇ ಕುತ್ತು.

ಒಂದು ದಿನದ ಕಥೆ ಹೇಳುತ್ತೇನೆ. ಹೆಸರು ಬೇಡ, ಅವರು ಈಗಿಲ್ಲ. ಕಾಲುವೆಯ ಕೊನೆಭಾಗದ ರೈತರಿಗೆ ಪೆಟ್ಟು ಬೀಳುವಂಥ ಒಂದು ಮಸೂದೆ ಸದನಕ್ಕೆ ಬಂದಿತ್ತು. ಭದ್ರಾ ನಾಲೆಯ ಕೊನೆಗೆ ನೀರು ತಲುಪುವ ಪಾಡು ನಮ್ಮ ಕಡೆಯವರಿಗೆಲ್ಲ ಗೊತ್ತು. ನಮ್ಮ ಶಾಸಕರು ಆಡಳಿತ ಪಕ್ಷದವರು, ಆದರೂ ವಿರೋಧವಾಗಿ ಮಾತಾಡುತ್ತೇನೆ ಎಂದು ನನ್ನಿಂದ ಎರಡು ಪುಟ ಟಿಪ್ಪಣಿ ಬರೆಸಿಕೊಂಡರು. ಬೆಳಗ್ಗೆ ಎದ್ದು ನೋಡಿದರೆ ಶಾಸಕರ ಭವನದ ಕೋಣೆಯ ಬಾಗಿಲಿಗೆ ವಿಪ್ ಅಂಟಿಸಿ ಹೋಗಿದ್ದರು. ಗೋಂದು ಇನ್ನೂ ಹಸಿಯಾಗಿತ್ತು. ಅವರು ಬಾಗಿಲಲ್ಲೇ ನಿಂತು ಓದಿದರು, ಟಿಪ್ಪಣಿಯನ್ನು ನನ್ನ ಕೈಗೆ ವಾಪಸು ಕೊಟ್ಟರು. ಸದನದಲ್ಲಿ ಗದ್ದಲ, ಪೀಠದ ಮುಂದಿನ ಬಾವಿಯಲ್ಲಿ ವಿರೋಧ ಪಕ್ಷದವರು. ಪೀಠದಿಂದ "ಪರವಾಗಿರುವವರು ಹೌದು ಎನ್ನಿ, ವಿರೋಧವಾಗಿರುವವರು ಇಲ್ಲ ಎನ್ನಿ" ಎಂದದ್ದೂ, ಧ್ವನಿಮತದಲ್ಲಿ ಅಂಗೀಕಾರವಾದದ್ದೂ ಒಂದೇ ಉಸಿರಿನಲ್ಲಿ. ರಾತ್ರಿ ಕಾರಿನಲ್ಲಿ ಹಿರಿಯೂರು ದಾಟುವವರೆಗೆ ಅವರು ಮಾತಾಡಲಿಲ್ಲ. ಆಮೇಲೆ ಅಂದರು, "ನನ್ನ ಬಾಯಲ್ಲಿ ಹೌದು ಅಂತ ಬರಲಿಲ್ಲ ಕಣಯ್ಯ. ಆದರೆ ಲೆಕ್ಕಕ್ಕೆ ಹೌದೇ."

ಪಕ್ಷಾಂತರ ನಿಷೇಧ ಕಾಯ್ದೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಆಯಾರಾಂ ಗಯಾರಾಂ ಕಾಲದ ಕಥೆ ಕೇಳಿ ಬೆಳೆದವನು, ರೆಸಾರ್ಟಿನ ಬಸ್ಸಿನಲ್ಲಿ ನನ್ನ ಶಾಸಕರ ಬ್ಯಾಗು ಹಿಡಿದು ಕೂತವನು ನಾನು. ಆದರೆ ತಮಾಷೆ ನೋಡಿ: ಯಾರನ್ನು ಕಟ್ಟಿಹಾಕಲು ಈ ಕಾಯ್ದೆ ಬಂತೋ ಅವರು ರಾಜೀನಾಮೆ ಕೊಟ್ಟು ಉಪಚುನಾವಣೆಗೆ ನಿಂತು ಗೆದ್ದು ಬರುತ್ತಾರೆ. 2019ರಲ್ಲಿ ನಮ್ಮಲ್ಲಿ ಅನರ್ಹರಾದ ಹದಿನೇಳು ಮಂದಿಯ ಅನರ್ಹತೆಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, ಆದರೆ ಮತ್ತೆ ಸ್ಪರ್ಧಿಸಲು ಅಡ್ಡಿಯಿಲ್ಲ ಎಂದಿತು. ಪಕ್ಷ ಬಿಡುವವನಿಗೆ ದಾರಿ ಉಂಟು. ಪಕ್ಷದಲ್ಲೇ ಇದ್ದು ಒಂದು ಮಸೂದೆಗೆ ಇಲ್ಲ ಎನ್ನಬಯಸುವವನಿಗೆ ದಾರಿಯಿಲ್ಲ. ವಿಪ್‌ನ ಈ ಶಿಕ್ಷೆ ವಿಶ್ವಾಸ, ಅವಿಶ್ವಾಸದಂಥ ಮತಗಳಿಗೆ ಮಾತ್ರ ಇರಲಿ ಎಂದು ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ ಹೇಳಿತ್ತು. ಅದು ಅಲ್ಲೇ ಉಳಿಯಿತು.

ಇನ್ನೊಂದು ಕಾಕತಾಳೀಯ ನನ್ನನ್ನು ಬಿಡುತ್ತಿಲ್ಲ. ತುರ್ತು ಪರಿಸ್ಥಿತಿ ಶುರುವಾದ 1975ರ ಜೂನ್ 26ರ ಬೆಳಗ್ಗೆ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮುಂತಾದವರು ಬಂಧನಕ್ಕೊಳಗಾದದ್ದು ನಮ್ಮ ಬೆಂಗಳೂರಿನಲ್ಲಿ. ಅವರು ಬಂದಿದ್ದು ಯಾವ ಕೆಲಸಕ್ಕೆ? ಪಕ್ಷಾಂತರ ತಡೆ ಮಸೂದೆಯನ್ನು ಪರಿಶೀಲಿಸುತ್ತಿದ್ದ ಸಂಸದೀಯ ಸಮಿತಿಯ ಸಭೆಗೆ. ತಂಗಿದ್ದದ್ದು ನಾನು ವರ್ಷಗಟ್ಟಲೆ ಓಡಾಡಿದ ಅದೇ ಶಾಸಕರ ಭವನದ ಆವರಣದಲ್ಲಿ. ಅಲ್ಲಿಂದ ಸೆಂಟ್ರಲ್ ಜೈಲಿಗೆ. ಅದಾಗಿ ಒಂದು ವರ್ಷಕ್ಕೆ, ನಮ್ಮ ದೇಶದ ಸಂಸದರು ವಿಚಾರಣೆಯಿಲ್ಲದೆ ಬಂಧಿಸಿಡುವ ಮೀಸಾ ಕಾಯ್ದೆಯಡಿ ಜೈಲಿನಲ್ಲೇ ಇರುವಾಗ, ಬ್ರಿಟನ್ನಿನ ಜನ ಸೋಮವಾರ ರಾತ್ರಿ ಊಟ ಮಾಡಿ ಬಿಲ್ ಬ್ರ್ಯಾಂಡ್ ನೋಡುತ್ತಿದ್ದರು. ಏಳನೆಯ ಕಂತಿನಲ್ಲಿ ಅವನು ತಲೆಕೆಡಿಸಿಕೊಳ್ಳುವುದು ಭಯೋತ್ಪಾದನೆ ತಡೆಯ ಹೆಸರಿನಲ್ಲಿ ಪೊಲೀಸರ ಕೈಗೆ ಕೊಟ್ಟ ಅಧಿಕಾರದ ಬಗ್ಗೆ. 1974ರ ನವೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮಿನ ಪಬ್ಬುಗಳಲ್ಲಿ ಬಾಂಬ್ ಸಿಡಿದು 21 ಜನ ಸತ್ತ ಮೇಲೆ ಎಂಟೇ ದಿನಕ್ಕೆ ಅಂಥ ಕಾಯ್ದೆಯೊಂದು ಅಲ್ಲಿ ಪಾಸಾಗಿತ್ತು. ಜನರ ಸಿಟ್ಟು ಇನ್ನೂ ಆರಿರದ ಕಾಲದಲ್ಲಿ, ಅದು ಸರಿಯೇ ಎಂದು ಕೇಳುವ ಒಬ್ಬ ಆಡಳಿತ ಪಕ್ಷದ ಸದಸ್ಯನನ್ನು ವಾಣಿಜ್ಯ ಚಾನೆಲ್ಲೊಂದು ಜಾಹೀರಾತುಗಳ ನಡುವೆ ತೋರಿಸಿತು.

ಆ ಬೇಸಿಗೆಯಲ್ಲಿ ನಮ್ಮಲ್ಲಿ ಟಿವಿ ಎಲ್ಲಿತ್ತು ಎನ್ನುತ್ತೀರಾ? ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ರಾಜ್ಯೋತ್ಸವಕ್ಕೆ. ಆದರೆ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ ಆಗಲೇ ಇತ್ತು. ಸೈಟ್ (SITE) ಎಂಬ ಸರ್ಕಾರಿ ಪ್ರಯೋಗದ ಉಪಗ್ರಹ ಟಿವಿ, 1976ರ ಜುಲೈ 31ರವರೆಗೆ, ಕೃಷಿ, ಆರೋಗ್ಯ, ಮಕ್ಕಳ ಪಾಠ. ಶಾಸಕ ಏನು ಮಾಡುತ್ತಾನೆ ಎಂಬ ಪಾಠ ಅದರಲ್ಲಿ ಇದ್ದಿರಲಾರದು, ಆ ವರ್ಷ ಅದು ಅಪಾಯದ ವಿಷಯ.

ಧಾರಾವಾಹಿಯನ್ನು ಹೊಗಳುತ್ತಲೇ ಹೋದರೆ ನೀವು ನಂಬಲಿಕ್ಕಿಲ್ಲ. ಇಂದಿನ ಕಣ್ಣಿಗೆ ಅದು ನಿಧಾನ. ಬಹಳ ದೃಶ್ಯಗಳು ಸ್ಟುಡಿಯೋದೊಳಗಿನವು, ಮಾತು ವಿಪರೀತ. ಬ್ರ್ಯಾಂಡ್ ಒಳ್ಳೆಯವನು ಎನ್ನುವಷ್ಟೇ ಸುಲಭವಾಗಿ ಅವನ ಮೇಲೆ ರೇಗಲೂಬಹುದು. ಸದನದಲ್ಲಿ ತತ್ವ ಮಾತಾಡುವ ಮನುಷ್ಯ ಸಂಸಾರ ಬಿಟ್ಟು ಇನ್ನೊಬ್ಬಳ ಮನೆಗೆ ಹೋಗುತ್ತಾನೆ. ನನ್ನ ಹೆಂಡತಿ ನಾಲ್ಕನೆಯ ಕಂತಿಗೆ ಎದ್ದು ಹೋದಳು, "ಊರು ಉದ್ಧಾರ ಮಾಡೋನಿಗೆ ಮನೆ ಕಾಣಲ್ಲ, ನಿಮ್ಮ ಸಾಹೇಬರ ಥರಾನೇ" ಎಂದು. ನಾನು ಸುಮ್ಮನಿದ್ದೆ. ಸಾಹೇಬರ ಜೊತೆ ಇಪ್ಪತ್ತೆರಡು ವರ್ಷ ಮನೆ ಕಾಣದೆ ಇದ್ದವನು ನಾನೂ ಹೌದಲ್ಲ.

ಗ್ರಿಫಿತ್ಸ್ ತಮ್ಮ ನಾಯಕನನ್ನು ಹೀಗೆ ಅರೆಬೆಂದವನಾಗಿಯೇ ಬಿಟ್ಟದ್ದು ನನಗೆ ಹಿಡಿಸಿತು. ಎದುರಾಳಿಗಳನ್ನೂ ಅವರು ಖಳರಾಗಿಸಿಲ್ಲ. ಪ್ರಧಾನಿಯ ಪಾತ್ರ ಮಾಡಿದ್ದು ಆರ್ಥರ್ ಲೋ, ಹಾಸ್ಯ ಧಾರಾವಾಹಿಯಲ್ಲಿ ಪೆದ್ದು ಕ್ಯಾಪ್ಟನ್ ಆಗಿ ಇಡೀ ಬ್ರಿಟನ್ನಿಗೆ ಪರಿಚಿತರಾಗಿದ್ದವರು. ಆ ಮುಖವನ್ನು ಪ್ರಧಾನಿಯ ಕುರ್ಚಿಯಲ್ಲಿ ಕಂಡ ಪ್ರೇಕ್ಷಕರಿಗೆ ಮೊದಲು ನಗು ಬಂದಿರಬೇಕು. ಎಡಪಂಥದ ಹಿರಿಯ ಮಂತ್ರಿ ಡೇವಿಡ್ ಲಾಸ್ಟ್ ಆಗಿ ಅಲನ್ ಬಡೆಲ್. ಕೊನೆಕೊನೆಗೆ ಪಕ್ಷದ ನಾಯಕತ್ವಕ್ಕೆ ಪೈಪೋಟಿ ನಡೆದು ಲಾಸ್ಟ್ ಸೋಲುತ್ತಾನೆ. ಅಷ್ಟರಲ್ಲಿ ಹೊರಗಿನ ಲೋಕ ಧಾರಾವಾಹಿಯನ್ನು ಹಿಂದೆ ಹಾಕಿತ್ತು. 1976ರ ಮಾರ್ಚ್‌ನಲ್ಲಿ ನಿಜವಾದ ಲೇಬರ್ ಪ್ರಧಾನಿ ಹೆರಾಲ್ಡ್ ವಿಲ್ಸನ್ ಇದ್ದಕ್ಕಿದ್ದಂತೆ ರಾಜೀನಾಮೆ ಹೇಳಿದರು, ಏಪ್ರಿಲ್‌ನ ಕೊನೆಯ ಸುತ್ತಿನಲ್ಲಿ ಜೇಮ್ಸ್ ಕ್ಯಾಲಹನ್‌ಗೆ 176 ಮತ, ಎಡಪಂಥದ ಮೈಕೆಲ್ ಫುಟ್‌ಗೆ 137. ಲಾಸ್ಟ್‌ನ ಮುಖದಲ್ಲಿ ಫುಟ್‌ರನ್ನು ಹುಡುಕದ ಪ್ರೇಕ್ಷಕ ಆಗ ಇದ್ದಿರಲಿಕ್ಕಿಲ್ಲ. ಕ್ಯಾಲಹನ್ ಸರ್ಕಾರ ಮೂರು ವರ್ಷ ಹೇಗೋ ಎಳೆದು, 1979ರ ಮಾರ್ಚ್ 28ರಂದು 311ಕ್ಕೆ 310, ಒಂದೇ ಮತದಲ್ಲಿ ಬಿತ್ತು. ಸಾಯುವ ಸ್ಥಿತಿಯಲ್ಲಿದ್ದ ಒಬ್ಬ ಲೇಬರ್ ಸದಸ್ಯರನ್ನು ಆಂಬುಲೆನ್ಸಿನಲ್ಲಿ ತರಬಹುದಿತ್ತು, ತರಲಿಲ್ಲ. ನಮ್ಮಲ್ಲಾಗಿದ್ದರೆ ಎಂದು ಯೋಚಿಸುವುದು ಬೇಡ.

ಆ ಕಾಲದಲ್ಲಿ ಬ್ರಿಟನ್ನಿನ ಸದನದೊಳಗೆ ಕ್ಯಾಮೆರಾ ಇರಲಿಲ್ಲ ಎಂಬುದನ್ನೂ ನೆನಪಿಡಬೇಕು. ಕೆಳಮನೆಯ ಕಲಾಪ ಟಿವಿಯಲ್ಲಿ ಬರತೊಡಗಿದ್ದು 1989ರ ನವೆಂಬರ್‌ನಿಂದ. ಅಂದರೆ ಮತದಾನದ ಗಂಟೆ ಬಾರಿಸಿದಾಗ ಸದಸ್ಯರು ಎದ್ದು, ಹೌದೆನ್ನುವವರು ಒಂದು ಪಡಸಾಲೆಗೆ, ಇಲ್ಲ ಎನ್ನುವವರು ಇನ್ನೊಂದು ಪಡಸಾಲೆಗೆ ನಡೆದು ಹೋಗಿ ಎಣಿಸಿಕೊಳ್ಳುವ ರೀತಿಯನ್ನು ಸಾಮಾನ್ಯ ಜನ ಕಣ್ಣಾರೆ ಕಂಡಿರಲಿಲ್ಲ. ತನ್ನವರೆಲ್ಲ ಆ ಕಡೆ ಹೋಗುವಾಗ ಒಬ್ಬನೇ ಈ ಕಡೆ ನಡೆಯಬೇಕು. ಬಾಯಲ್ಲಿ ಹೇಳಿದರೆ ಸಾಲದು, ಕಾಲು ಎತ್ತಿ ಇಡಬೇಕು. ಧ್ವನಿಮತದಲ್ಲಿ ಕಾಲಿಗೆ ಕೆಲಸವಿಲ್ಲ ನೋಡಿ.

ಮೇಲಿನದೆಲ್ಲ ಓದಿ ಕಾಯ್ದೆ ಒಂದು ಸಡಿಲವಾದರೆ ನಮ್ಮಲ್ಲೂ ಬ್ರ್ಯಾಂಡ್‌ಗಳು ಹುಟ್ಟಿಬಿಡುತ್ತಾರೆ ಎಂದು ನಾನು ನಂಬಿದ್ದೇನೆ ಅಂದುಕೊಳ್ಳಬೇಡಿ. ಅವನಿಗೆ ಟಿಕೆಟ್ ಕೊಟ್ಟದ್ದು ಅವನ ಊರಿನ ಪಕ್ಷದ ಸಮಿತಿ. ಅಲ್ಲಿ ಗಿರಣಿ ಯೂನಿಯನ್ನಿನವರು, ಮೇಷ್ಟ್ರುಗಳು, ಮನೆಮನೆಗೆ ಕರಪತ್ರ ಹಂಚಿದ ಹೆಂಗಸರು. ಅವರು ಅವನನ್ನು ಕೂರಿಸಿ ಕೇಳುತ್ತಾರೆ, ಅವನು ಉತ್ತರ ಹೇಳಬೇಕು. ನಮ್ಮ ಶಾಸಕ ಉತ್ತರ ಹೇಳಬೇಕಾಗಿರುವುದು ಪಕ್ಷದ ಟಿಕೆಟಿನ ಕಾಗದವಾದ ಬಿ ಫಾರಂ ಕೊಟ್ಟವರಿಗೆ. ಹತ್ತನೆಯ ಅನುಸೂಚಿ ನಾಳೆಯೇ ರದ್ದಾದರೂ ಬಿ ಫಾರಂ ಇರುವವರೆಗೆ ಬಾಗಿಲಿಗೆ ಅಂಟಿಸಿದ ಆ ಕಾಗದಕ್ಕೆ ಬೆಲೆ ಇದ್ದೇ ಇರುತ್ತದೆ. ನಾನು ಕೆಲಸ ಮಾಡಿದ ಇಬ್ಬರೂ ಕೆಟ್ಟವರಲ್ಲ. ಬೆಳಗಿನ ಜನಜಂಗುಳಿಯಲ್ಲಿ ಒಬ್ಬನ ಚೀಟಿಯನ್ನೂ ಕೆಳಗೆ ಹಾಕಿದವರಲ್ಲ. ಅಲ್ಲಿ ಬ್ರಿಟನ್ನಿನಲ್ಲೂ ಸಂಸದರು ವಾರಾಂತ್ಯ ಊರಿಗೆ ಬಂದು ಹೀಗೇ ಜನರ ಅಹವಾಲು ಕೇಳುತ್ತಾರೆ, ಅದಕ್ಕೆ ಡಾಕ್ಟರ ಹಾಗೆ ಸರ್ಜರಿ ಎನ್ನುತ್ತಾರೆ. ಆದರೆ ನಮ್ಮವರಿಗೆ ಆ ಸರ್ಜರಿಯೇ ಪೂರ್ತಿ ಕೆಲಸವಾಗಿಬಿಟ್ಟಿದೆ. ವರ್ಷಕ್ಕೆ ಅರವತ್ತು ದಿನ ಸದನ ಸೇರಬೇಕೆಂದು 2005ರಲ್ಲಿ ನೀವೇ, ಅಂದರೆ ನಿಮ್ಮ ಸದನವೇ, ಕಾಯ್ದೆ ಮಾಡಿಕೊಂಡಿದೆ. ಅಷ್ಟು ದಿನ ಸೇರಿದ ವರ್ಷಗಳನ್ನು ಎಣಿಸಲು ಬೆರಳು ಹೆಚ್ಚು ಬೇಕಾಗಿಲ್ಲ. ಮತ ಹಾಕುವುದು ತನ್ನ ಕೆಲಸ, ಅದೂ ಯೋಚಿಸಿ ಹಾಕುವುದು ತನ್ನ ಕೆಲಸ ಎಂಬ ಭಾವನೆ ಹೊಸ ಶಾಸಕನಿಗೆ ಬರುವುದಾದರೂ ಎಲ್ಲಿಂದ?

ಆದ್ದರಿಂದ ಈ ಕೋರಿಕೆ. ಶಿಬಿರದಲ್ಲಿ ಶೂನ್ಯವೇಳೆ ಎಂದರೇನು, ನಿಯಮ 69 ಎಂದರೇನು, ಗಮನ ಸೆಳೆಯುವ ಸೂಚನೆ ಹೇಗೆ ಕೊಡಬೇಕು ಎಂದು ನಿಮ್ಮ ಅಧಿಕಾರಿಗಳು ಚೆನ್ನಾಗಿಯೇ ಕಲಿಸುತ್ತಾರೆ. ಸಂಜೆ ಊಟಕ್ಕೆ ಮುಂಚೆ ಒಂದು ಗಂಟೆ ಬಿಡುವಿರುತ್ತದಲ್ಲ, ಆಗ ಇದನ್ನು ಹಾಕಿ. ಹನ್ನೊಂದೂ ಆಗದಿದ್ದರೆ ಒಂದು, ಎರಡು, ಮೂರು ಮತ್ತು ಏಳು ಸಾಕು. ಕೆಳಗೆ ಕನ್ನಡದಲ್ಲಿ ಮಾತು ಬರುವಂತೆ ಮಾಡಿಸಿ, ಇಲ್ಲದಿದ್ದರೆ ಆ ಲ್ಯಾಂಕಾಷೈರ್ ಇಂಗ್ಲಿಷ್ ಯಾರಿಗೂ ದಕ್ಕುವುದಿಲ್ಲ. ಅದನ್ನು ಬರೆದುಕೊಡಲು ನಾನು ತಯಾರಿದ್ದೇನೆ, ಸಂಭಾವನೆ ಬೇಡ. ಪ್ರದರ್ಶನಕ್ಕೆ ಹಕ್ಕುದಾರರ ಅನುಮತಿಯನ್ನು ಸಚಿವಾಲಯವೇ ತೆಗೆದುಕೊಳ್ಳಬೇಕಾಗುತ್ತದೆ, ಕಡತ ಬೇಗ ಓಡಲಿ ಎಂದು ಈಗಲೇ ಬರೆಯುತ್ತಿದ್ದೇನೆ. ಪಿಎಗಳನ್ನೂ ಒಳಗೆ ಬಿಡಿ. ಹಿಂದಿನ ಸಾಲಿನಲ್ಲಿ ನಿಂತೇ ನೋಡುತ್ತಾರೆ, ಅಭ್ಯಾಸವಿದೆ.

ಡಿವಿಡಿ ನನ್ನ ಹತ್ತಿರವೇ ಇದೆ. ಹೇಳಿ ಕಳಿಸಿದರೆ ದಾವಣಗೆರೆಯಿಂದ ರೈಲಿಗೆ ಬಂದು ವಿಧಾನಸೌಧದಲ್ಲಿ ಕೊಟ್ಟು ಹೋಗುತ್ತೇನೆ. ನೋಡಿದ ಮೇಲೆ ಮಾತ್ರ ವಾಪಸು ಬೇಕು. ಅಳಿಯನದು, ಮತ್ತು ನನ್ನ ಹೆಂಡತಿ ಉಳಿದ ಏಳು ಕಂತು ಇನ್ನೂ ನೋಡಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪಿಎ, ದಾವಣಗೆರೆ